ಪದರ ಪದರವಾಗಿ ಕಟ್ಟುವ ಮಾದರಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಹಿಂದಿನ ಸಂಚಿಕೆಯಲ್ಲಿ ತ್ರೀಡಿ ಮುದ್ರಣದ ಬಗ್ಗೆ ಬರೆಯುವಾಗ, ತೆಳುವಾದ ಹಲಗೆಗಳನ್ನು ಲೇಸರ್‌ನಿಂದ ಕತ್ತರಿಸಿ ಒಂದರ ಮೇಲೊಂದು ಅಂಟಿಸಿ ಮಾದರಿಗಳನ್ನು ತಯಾರಿಸುವ ಕ್ರಮವೂ ಇದೆ ಎಂದು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೆವು. ಓದುಗರು ಹಿಡಿದುಕೊಂಡದ್ದು ಆ ಸಾಲನ್ನೇ. ಮೈಸೂರು ಮತ್ತು ಮಂಡ್ಯದಿಂದ ಬಂದ ಪತ್ರಗಳಲ್ಲಿ ಆಯ್ದ ಕೆಲವನ್ನು ಸಂಕ್ಷೇಪಿಸಿ, ಉತ್ತರಗಳೊಂದಿಗೆ ಇಲ್ಲಿ ಕೊಟ್ಟಿದ್ದೇವೆ.

ಪ್ರಶ್ನೆ: ನಾನು ಮೆಕ್ಯಾನಿಕಲ್ ಎಂಜಿನಿಯರಿಂಗ್ ಕೊನೆಯ ವರ್ಷದ ವಿದ್ಯಾರ್ಥಿನಿ. ರಾಗಿ ಬಿತ್ತುವ ಕೈ ಉಪಕರಣವೊಂದನ್ನು ಪ್ರಾಜೆಕ್ಟಿಗೆ ವಿನ್ಯಾಸ ಮಾಡಿದ್ದೇವೆ. ಅದರ ಹಿಡಿ ಮತ್ತು ಗೇರುಗಳ ಕವಚವನ್ನು ತ್ರೀಡಿ ಪ್ರಿಂಟರಿನಲ್ಲಿ ಮಾಡಿಸಲು ಬಹಳ ಹೊತ್ತು ಹಿಡಿಯುತ್ತದೆ ಎಂದು ಲ್ಯಾಬಿನಲ್ಲಿ ಹೇಳುತ್ತಿದ್ದಾರೆ. ಪದರಗಳ ವಿಧಾನವನ್ನು ನಂಬಬಹುದೇ? ಇದು ಹೊಸದೇ? (ಮೈಸೂರು)

ಉತ್ತರ: ಹೊಸದೇನಲ್ಲ. ಬೆಟ್ಟಗುಡ್ಡಗಳ ಉಬ್ಬು ನಕ್ಷೆಗಳನ್ನು ತಯಾರಿಸಲು, ಎತ್ತರದ ರೇಖೆಗಳ ಗುಂಟ ಮೇಣದ ಹಾಳೆಗಳನ್ನು ಕತ್ತರಿಸಿ ಜೋಡಿಸುವ ಕ್ರಮಕ್ಕೆ ಬ್ಲಾಂಥರ್ ಎಂಬುವರು 1892ರಲ್ಲಿಯೇ ಅಮೆರಿಕದಲ್ಲಿ ಪೇಟೆಂಟ್ ಪಡೆದಿದ್ದರು. ಅದನ್ನು ಯಂತ್ರಕ್ಕೆ ಒಪ್ಪಿಸಿದವರು ಮೈಕೇಲ್ ಫೇಗಿನ್. ಅವರ ಹೆಲಿಸಿಸ್ ಕಂಪನಿಯ ಯಂತ್ರಗಳು 1990ರ ದಶಕದ ಆರಂಭದಲ್ಲಿ ಮಾರುಕಟ್ಟೆಗೆ ಬಂದವು. ಸುರುಳಿಯಿಂದ ಬಿಚ್ಚಿಕೊಂಡು ಬರುವ ಕಾಗದದ ಕೆಳಮೈಗೆ ಶಾಖಕ್ಕೆ ಕರಗುವ ಅಂಟು ಲೇಪಿಸಿರುತ್ತದೆ. ಬಿಸಿ ರೋಲರ್ ಅದರ ಮೇಲೆ ಹಾದುಹೋದಾಗ ಹೊಸ ಹಾಳೆ ಕೆಳಗಿನ ಅಟ್ಟಿಗೆ ಅಂಟುತ್ತದೆ. ಬಳಿಕ ಲೇಸರ್ ಆ ಒಂದು ಹಾಳೆಯಷ್ಟೇ ಆಳಕ್ಕೆ ಹೊರಗೆರೆಯನ್ನು ಕೊಯ್ಯುತ್ತದೆ. ಬೇಡದ ಭಾಗವನ್ನು ತೆಗೆದುಹಾಕುವುದಿಲ್ಲ, ಸಣ್ಣ ಚೌಕಗಳಾಗಿ ಗೀರಿ ಅಲ್ಲಿಯೇ ಬಿಡುತ್ತದೆ. ಹಾಗಾಗಿ ಚಾಚಿಕೊಂಡ ಭಾಗಗಳಿಗೆ ಆ ಬೇಡದ ಕಾಗದವೇ ಆಧಾರವಾಗುತ್ತದೆ, ಕೊನೆಯಲ್ಲಿ ಅದನ್ನು ಕೈಯಿಂದ ಚೂರುಚೂರಾಗಿ ಬಿಡಿಸಿ ತೆಗೆಯಬೇಕಾಗುತ್ತದೆ. ಇಂದು ಅಂಥ ಯಂತ್ರಗಳು ಕಾಣಸಿಗುವುದು ಅಪರೂಪ. ಆದರೆ ಸಾಮಾನ್ಯ ಲೇಸರ್ ಕಟಿಂಗ್ ಅಂಗಡಿ, ಎಂಡಿಎಫ್ ಹಲಗೆ (ಮರದ ನಾರನ್ನು ಅಂಟಿನೊಂದಿಗೆ ಒತ್ತಿ ಮಾಡಿದ್ದು) ಮತ್ತು ಮರಗೆಲಸದ ಅಂಟು ಇದ್ದರೆ ಅದೇ ತತ್ವವನ್ನು ಯಾರು ಬೇಕಾದರೂ ಬಳಸಬಹುದು. ಆ ಅಂಗಡಿಗಳಲ್ಲಿ ಮರ, ರಟ್ಟು, ಅಕ್ರಿಲಿಕ್ ಕೊಯ್ಯುವ ಕಾರ್ಬನ್ ಡೈಆಕ್ಸೈಡ್ ಲೇಸರ್ ಅನ್ನು 1964ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ರೂಪಿಸಿದವರು ಮಹಾರಾಷ್ಟ್ರದ ಬಾರಾಮತಿಯಲ್ಲಿ ಹುಟ್ಟಿದ ಕುಮಾರ್ ಪಟೇಲ್ ಎಂಬುದನ್ನು ಪ್ರಾಜೆಕ್ಟ್ ವರದಿಯ ಮುನ್ನುಡಿಗೆ ನೀವು ಸೇರಿಸಿಕೊಳ್ಳಬಹುದು.

ನಂಬಬಹುದೇ ಎಂಬುದಕ್ಕೆ ಉತ್ತರ ವಸ್ತುವಿನ ಆಕಾರವನ್ನು ಅವಲಂಬಿಸಿದೆ. ಪ್ರಿಂಟರು ವಸ್ತುವಿನ ಒಡಲನ್ನೆಲ್ಲ ನೂಲಿನಷ್ಟು ತೆಳುವಾದ ಎಳೆಗಳಿಂದ ತುಂಬಬೇಕು, ಲೇಸರ್ ಅಂಚನ್ನು ಮಾತ್ರ ಸುತ್ತಿ ಬಂದರೆ ಸಾಕು. ಆದ್ದರಿಂದ ದಪ್ಪಗೆ, ಗಟ್ಟಿಯಾಗಿ, ದೊಡ್ಡದಾಗಿರುವ ವಸ್ತುಗಳಿಗೆ ಪದರಗಳ ವಿಧಾನ ಲಾಭದಾಯಕ. ಬೆರಳುಗಾತ್ರದ, ಸೂಕ್ಷ್ಮ ತಿರುವುಗಳಿರುವ ಭಾಗಗಳಿಗೆ ಪ್ರಿಂಟರೇ ಸರಿ. ನಿಮ್ಮ ಗೇರಿನ ಕವಚವು ಎರಡು ಚಪ್ಪಟೆ ಮುಖಗಳೂ ನಡುವೆ ಬಳೆಯಾಕಾರದ ಗೋಡೆಯೂ ಇರುವ ಪೆಟ್ಟಿಗೆಯಾದ್ದರಿಂದ ಪದರಗಳಿಗೆ ಹೇಳಿ ಮಾಡಿಸಿದಂತಿದೆ. ಒಂದು ಎಚ್ಚರ: ಸುತ್ತಲೂ ಮುಚ್ಚಿದ ಟೊಳ್ಳನ್ನು ಹೆಲಿಸಿಸ್ ಯಂತ್ರದಲ್ಲಿ ಖಾಲಿ ಮಾಡಲು ದಾರಿಯೇ ಇರಲಿಲ್ಲ. ನೀವು ಕೈಯಿಂದ ಜೋಡಿಸುವವರಾದ್ದರಿಂದ ಆ ತೊಡಕಿಲ್ಲ, ಆದರೆ ಗೇರುಗಳನ್ನು ಕೂರಿಸುವ ಮೊದಲು ಕೊನೆಯ ಪದರವನ್ನು ಅಂಟಿಸಬೇಡಿ. ಅದನ್ನು ಸ್ಕ್ರೂ ಹಾಕಿ ಮುಚ್ಚಿ.

ಹಿಡಿಯ ವಿಷಯದಲ್ಲಿ ನೀವು ಮೊದಲು ನಿರ್ಧರಿಸಬೇಕಾದದ್ದು ಪದರಗಳ ದಿಕ್ಕು. ಹಿಡಿಯನ್ನು ನಿಲ್ಲಿಸಿ, ಸೌತೆಕಾಯಿ ಹೆಚ್ಚಿದಂತೆ ಅಡ್ಡಡ್ಡ ಬಿಲ್ಲೆಗಳಾಗಿ ಕತ್ತರಿಸಿದರೆ ಪ್ರತಿ ಬಿಲ್ಲೆಯೂ ಚಿಕ್ಕದಾಗಿ ಹಲಗೆ ಉಳಿಯುತ್ತದೆ ನಿಜ. ಆದರೆ ಹಿಡಿಯನ್ನು ಒತ್ತಿ ಬಗ್ಗಿಸಿದಾಗ ಬಲವೆಲ್ಲ ಅಂಟಿನ ಗೆರೆಯನ್ನು ಬಿಡಿಸುವ ಕಡೆಗೇ ಎಳೆಯುತ್ತದೆ, ಮೊದಲನೆಯ ದಿನವೇ ಎರಡಾಗಬಹುದು. ಹಿಡಿಯನ್ನು ಮಲಗಿಸಿ ಉದ್ದುದ್ದ ಪದರಗಳಾಗಿ ಮಾಡಿದರೆ ಅದೇ ಬಲವನ್ನು ಹಲಗೆಯ ಪೂರ್ಣ ಉದ್ದ ಹೊರುತ್ತದೆ. ಪದರಗಳ ಮೆಟ್ಟಿಲು ಗುರುತು ಎಲ್ಲಿ ಮೂಡುತ್ತದೆ ಎಂಬುದನ್ನೂ ದಿಕ್ಕೇ ನಿರ್ಧರಿಸುತ್ತದೆ: ಹಲಗೆಯ ಮೈಗೆ ಲಂಬವಾದ ಗೋಡೆಗಳು ನುಣುಪಾಗಿ ಬರುತ್ತವೆ, ಹಲಗೆಯ ಮೈಗೆ ಸಮೀಪವಾಗಿ ಓರೆಯಾದ ಇಳಿಜಾರುಗಳಲ್ಲಿ ಅಗಲವಾದ ಮೆಟ್ಟಿಲುಗಳು ಏಳುತ್ತವೆ. ವಿನ್ಯಾಸವನ್ನು ಪದರಗಳಾಗಿ ಸೀಳಲು ಫ್ರೀಕ್ಯಾಡ್ ಎಂಬ ಉಚಿತ ತಂತ್ರಾಂಶದಲ್ಲಿ ಅಡ್ಡಕೊಯ್ತ ತೆಗೆಯುವ ಸೌಲಭ್ಯವಿದೆ. ಅದರಿಂದ ಡಿಎಕ್ಸ್‌ಎಫ್ ಎಂಬ ಗೆರೆಚಿತ್ರದ ಕಡತ ಮಾಡಿಕೊಂಡು ಹೋದರೆ ಅಂಗಡಿಯವರು ಬೇರೇನೂ ಕೇಳುವುದಿಲ್ಲ.

ಪ್ರಶ್ನೆ: ಮೇಲಿನ ವಿಧಾನದಲ್ಲಿ 60 ಮಿ.ಮೀ. ಎತ್ತರದ ಮಾದರಿಯೊಂದನ್ನು 3 ಮಿ.ಮೀ. ಎಂಡಿಎಫ್‌ನಲ್ಲಿ ಮಾಡಿಸಿದೆ. ಅಂಟಿಸಿದ ಮೇಲೆ ಅಳೆದರೆ ಎತ್ತರ ಕಡಿಮೆ ಬಂದಿದೆ, ಜೊತೆಗೆ 6 ಮಿ.ಮೀ. ರಂಧ್ರದಲ್ಲಿ 6 ಮಿ.ಮೀ. ಕಡ್ಡಿ ಗಡಗಡ ಅಲ್ಲಾಡುತ್ತದೆ. ತಪ್ಪು ಅಂಗಡಿಯವರದೇ? (ಹೆಬ್ಬಾಳು ಕೈಗಾರಿಕಾ ಪ್ರದೇಶ, ಮೈಸೂರು)

ಉತ್ತರ: ಅಂಗಡಿಯವರದಲ್ಲ. 3 ಮಿ.ಮೀ. ಎಂದು ಮಾರುವ ಹಲಗೆ ನಿಜವಾಗಿ 2.8 ಇರಬಹುದು, 3.1 ಇರಬಹುದು. 2.8 ಇದ್ದರೆ ಇಪ್ಪತ್ತು ಪದರ ಸೇರಿ 56 ಮಿ.ಮೀ. ಆಗುತ್ತದೆಯೇ ಹೊರತು 60 ಆಗುವುದಿಲ್ಲ. ಆದ್ದರಿಂದ ಮೊದಲು ಹಲಗೆ ಕೊಂಡು, ಆಮೇಲೆ ಪದರಗಳಾಗಿ ಸೀಳಬೇಕು. ಹಲಗೆಯ ಚೂರುಗಳನ್ನು ಹತ್ತು ಒಟ್ಟಿಗೆ ಪೇರಿಸಿ, ಗಟ್ಟಿಯಾಗಿ ಒತ್ತಿ ಹಿಡಿದು, ವರ್ನಿಯರ್‌ನಿಂದ ಅಳೆದು ಹತ್ತರಿಂದ ಭಾಗಿಸಿದರೆ ಒಂದು ಪದರದ ನಿಜವಾದ ದಪ್ಪ ಸಿಗುತ್ತದೆ. ಆ ಚೂರುಗಳನ್ನು ನೀವು ಬಳಸುವ ಅಂಟಿನಿಂದಲೇ ಅಂಟಿಸಿ ಅಳೆದರೆ ಅಂಟಿನ ದಪ್ಪವೂ ಲೆಕ್ಕಕ್ಕೆ ಬರುತ್ತದೆ. ಹಾಗೆ ಸಿಕ್ಕ ಅಂಕಿಯನ್ನೇ ತಂತ್ರಾಂಶಕ್ಕೆ ಪದರದ ದಪ್ಪವೆಂದು ಕೊಡಿ.

ರಂಧ್ರದ ಕಥೆ ಬೇರೆ. ಲೇಸರ್ ಕಿರಣ ತಾನು ಹಾದ ಗೆರೆಯ ಗುಂಟ ಒಂದಿಷ್ಟು ವಸ್ತುವನ್ನು ಸುಟ್ಟುಬಿಡುತ್ತದೆ. ಆ ಸೀಳಿನ ಅಗಲ ಸಾಮಾನ್ಯವಾಗಿ 0.1ರಿಂದ 0.3 ಮಿ.ಮೀ. ಇರುತ್ತದೆ. ಗೆರೆಯ ನಟ್ಟನಡುವೆ ಕಿರಣ ಸಾಗಿದರೆ ರಂಧ್ರ ಆ ಅಗಲದಷ್ಟು ದೊಡ್ಡದಾಗುತ್ತದೆ, ಹೊರ ಅಂಚು ಅಷ್ಟೇ ಚಿಕ್ಕದಾಗುತ್ತದೆ. ಒಂದು ಚೌಕವನ್ನು ಕತ್ತರಿಸಿ, ಚೌಕದ ಅಳತೆ ಮತ್ತು ಅದು ಬಿಟ್ಟುಹೋದ ಕಿಂಡಿಯ ಅಳತೆ ಎರಡನ್ನೂ ತೆಗೆದುಕೊಂಡರೆ ಅವುಗಳ ವ್ಯತ್ಯಾಸದ ಅರ್ಧವೇ ಸೀಳಿನ ಅಗಲ. ರಂಧ್ರದ ವ್ಯಾಸದಿಂದ ಆ ಅಗಲವನ್ನು ಕಳೆದು ಚಿತ್ರ ಬರೆಯಿರಿ. ದಪ್ಪ ಹಲಗೆಯಲ್ಲಿ ಕಿರಣ ಮೇಲೊಂದು ಅಗಲ, ಕೆಳಗೊಂದು ಅಗಲ ಕೊಯ್ಯುವುದರಿಂದ ಅಂಚು ನೂಲಿನಷ್ಟು ಓರೆಯಾಗಿಯೂ ಇರುತ್ತದೆ. ಕಡ್ಡಿ ಬಿಗಿಯಾಗಿ ಕೂರಲೇಬೇಕಾದ ಕಡೆ ರಂಧ್ರವನ್ನು ಚಿಕ್ಕದಾಗಿ ಕೊಯ್ಸಿ, ಎಲ್ಲ ಪದರಗಳನ್ನೂ ಅಂಟಿಸಿದ ಬಳಿಕ ಡ್ರಿಲ್‌ನಿಂದ ಒಮ್ಮೆಗೇ ಹಾಯಿಸುವುದು ಉತ್ತಮ.

ಪ್ರಶ್ನೆ: ಮಂಡ್ಯದ ಹತ್ತಿರ ನಮ್ಮದೊಂದು ಆಲೆಮನೆ ಇದೆ. ಅಚ್ಚು ಬೆಲ್ಲವನ್ನು ಅರ್ಧ ಕಿಲೋ ಬದಲು ಕಾಲು ಕಿಲೋ ಗಾತ್ರದಲ್ಲಿ, ಮೇಲೆ ‘ಮಂಡ್ಯ’ ಎಂಬ ಅಕ್ಷರ ಮೂಡುವಂತೆ ಮಾಡಿ ಮಾರಬೇಕೆಂದಿದ್ದೇವೆ. ಹೊಸ ಅಚ್ಚನ್ನು ಅಕ್ರಿಲಿಕ್ ಹಲಗೆಗಳನ್ನು ಲೇಸರ್‌ನಲ್ಲಿ ಕೊಯ್ಸಿ, ಪದರವಾಗಿ ಅಂಟಿಸಿ ಮಾಡಿಕೊಡುತ್ತೇನೆಂದು ಒಬ್ಬರು ಹೇಳಿದ್ದಾರೆ. ಮಾಡಿಸಬಹುದೇ? (ಮಂಡ್ಯ)

ಉತ್ತರ: ದಯವಿಟ್ಟು ಮಾಡಿಸಬೇಡಿ. ಹದಕ್ಕೆ ಬಂದ ಪಾಕವನ್ನು ಕೊಪ್ಪರಿಗೆಯಿಂದ ಇಳಿಸುವಾಗ ಅದರ ಶಾಖ ಸುಮಾರು 115ರಿಂದ 120 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಅಕ್ರಿಲಿಕ್ ಸುಮಾರು 105 ಡಿಗ್ರಿಯಲ್ಲೇ ಮೆತ್ತಗಾಗತೊಡಗುತ್ತದೆ. ಪಾಕವನ್ನು ತಿರುವಿ ತಣಿಸಿ ಸುರಿದರೂ ಅಚ್ಚು ಸೊಟ್ಟಗಾಗುವ ಅಪಾಯ ಇದ್ದೇ ಇದೆ. ಎಂಡಿಎಫ್ ಇನ್ನೂ ಕೆಟ್ಟ ಆಯ್ಕೆ. ಅದರ ನಾರನ್ನು ಹಿಡಿದಿಟ್ಟಿರುವುದು ಸಾಮಾನ್ಯವಾಗಿ ಯೂರಿಯಾ ಫಾರ್ಮಾಲ್ಡಿಹೈಡ್ ಅಂಟು, ನೀರು ತಗುಲಿದರೆ ಉಬ್ಬುತ್ತದೆ, ತಿನ್ನುವ ಪದಾರ್ಥಕ್ಕೆ ಅದನ್ನು ತಾಗಿಸಲೇಬಾರದು. ನಿಮ್ಮ ಹಿರಿಯರು ಮರದ ಅಚ್ಚನ್ನು ನೀರಿನಲ್ಲಿ ನೆನೆಸಿ ಬಳಸುವ ಪದ್ಧತಿಯನ್ನು ಈ ಹಲಗೆ ಒಂದು ದಿನವೂ ತಾಳುವುದಿಲ್ಲ.

ಹಾಗೆಂದು ಪದರಗಳ ವಿಧಾನ ನಿಮಗೆ ಉಪಯೋಗವಿಲ್ಲವೆಂದಲ್ಲ. ಅಚ್ಚನ್ನಲ್ಲ, ಬೆಲ್ಲದ ರೂಪವನ್ನು ಅದರಿಂದ ಮಾಡಿಸಿ. ಅಂದರೆ ಕಾಲು ಕಿಲೋ ಬೆಲ್ಲ ಹೇಗೆ ಕಾಣಬೇಕೋ ಹಾಗೆಯೇ ಎಂಡಿಎಫ್ ಪದರಗಳಿಂದ ಒಂದು ಮೂಲ ಮಾದರಿಯನ್ನು ಕಟ್ಟಿಸಿ, ಉಜ್ಜಿ, ವಾರ್ನಿಷ್ ಹಚ್ಚಿ ನುಣುಪು ಮಾಡಿ, ಅದರ ಸುತ್ತ ಆಹಾರ ದರ್ಜೆಯ ಸಿಲಿಕೋನ್ ಸುರಿದು ಅಚ್ಚು ತೆಗೆಯಬೇಕು. ಆ ಸಿಲಿಕೋನ್ 200 ಡಿಗ್ರಿ ಶಾಖವನ್ನೂ ತಾಳುತ್ತದೆ, ಅಚ್ಚನ್ನು ಬಗ್ಗಿಸಿದರೆ ಬೆಲ್ಲ ತಾನಾಗಿ ಕಳಚಿಕೊಳ್ಳುತ್ತದೆ. ಪ್ಲಾಟಿನಂ ಆಧಾರದ ಸಿಲಿಕೋನ್ ಗಂಧಕದ ಅಂಶವಿರುವ ಜೇಡಿ ಅಥವಾ ಕೆಲವು ಬಗೆಯ ಲೇಪಗಳು ತಗುಲಿದರೆ ಹೆಪ್ಪುಗಟ್ಟದೆ ಅಂಟಂಟಾಗಿಯೇ ಉಳಿಯುವುದರಿಂದ, ಪೂರ್ತಿ ಸುರಿಯುವ ಮೊದಲು ವಾರ್ನಿಷ್ ಹಚ್ಚಿದ ಒಂದು ಚೂರಿನ ಮೇಲೆ ಹನಿಸಿ ನೋಡಬೇಕು. ಸಿಲಿಕೋನ್ ಬೇಡವೆಂದರೆ, ಆ ಮಾದರಿಯನ್ನು ಕೈಗೆ ಕೊಟ್ಟು ನಿಮ್ಮ ಮಾಮೂಲಿ ಅಚ್ಚಿನ ಬಡಗಿಯಿಂದ ಮರದಲ್ಲೇ ಕೆತ್ತಿಸಬಹುದು. ನಮ್ಮ ಮಟ್ಟಿಗೆ ಈ ಎರಡನೆಯ ದಾರಿಯೇ ಆಲೆಮನೆಯ ಒರಟು ಬಳಕೆಗೆ ಹೆಚ್ಚು ಬಾಳಿಕೆ ಬರುವಂಥದು; ಮಾದರಿ ಮುಂದಿದ್ದರೆ ಬಡಗಿಗೆ ಬಾಯಿಮಾತಿನ ವಿವರಣೆ ಬೇಕಾಗುವುದಿಲ್ಲ.

ಅಳತೆಯ ಲೆಕ್ಕ ಹೀಗಿದೆ. ತೂಕ ಅರ್ಧವಾಗಬೇಕೆಂದು ಉದ್ದ, ಅಗಲ, ಎತ್ತರ ಮೂರನ್ನೂ ಅರ್ಧ ಮಾಡಿದರೆ ಬೆಲ್ಲ ಎಂಟನೆಯ ಒಂದು ಭಾಗಕ್ಕೆ ಇಳಿದುಬಿಡುತ್ತದೆ. ಮೂರು ಅಳತೆಗಳನ್ನೂ 0.79ರಿಂದ ಗುಣಿಸಬೇಕು, ಈಗಿನ ಅರ್ಧ ಕಿಲೋ ಅಚ್ಚು 100 ಮಿ.ಮೀ. ಅಗಲವಿದ್ದರೆ ಹೊಸದು 79 ಮಿ.ಮೀ. ಇರಬೇಕು. ಬದಿಗಳು ನೆಟ್ಟಗಿರದೆ ಮೂರು ಡಿಗ್ರಿಯಷ್ಟಾದರೂ ಓರೆಯಾಗಿರಲಿ. 3 ಮಿ.ಮೀ. ಪದರದಲ್ಲಿ ಆ ಓರೆ ಪ್ರತಿ ಮೆಟ್ಟಿಲಿಗೆ ಸುಮಾರು 0.16 ಮಿ.ಮೀ. ಮಾತ್ರ ಆಗುವುದರಿಂದ, ಅಂಟು ಒಣಗಿದ ಮೇಲೆ ಮರಳು ಕಾಗದದಲ್ಲಿ ನಾಲ್ಕು ಬಾರಿ ಎಳೆದರೆ ಮೆಟ್ಟಿಲು ಮಾಯವಾಗುತ್ತದೆ.

ಅಕ್ಷರಗಳ ಬಗ್ಗೆಯೂ ಒಂದು ಮಾತು. ಮೂಲ ಮಾದರಿಯ ಮೇಲೆ ಅಕ್ಷರವನ್ನು ನೇರವಾಗಿಯೇ, ಉಬ್ಬಾಗಿ ಅಂಟಿಸಿ. ಅಚ್ಚಿನಲ್ಲಿ ಅದು ತಿರುಗಿ ಕಾಣುತ್ತದೆ, ಬೆಲ್ಲದ ಮೇಲೆ ಮತ್ತೆ ನೇರವಾಗುತ್ತದೆ. ‘ಮಂಡ್ಯ’ದ ಸೊನ್ನೆಯನ್ನು ಲೇಸರ್ ಕೊಯ್ದಾಗ ನಡುವಿನ ಬಿಲ್ಲೆ ಕಳಚಿ ಬೀಳುತ್ತದೆ. ಉಬ್ಬು ಅಕ್ಷರಕ್ಕೆ ಅದು ಬೀಳಬೇಕಾದದ್ದೇ, ಎಸೆದುಬಿಡಿ. ಅಕ್ಷರ ಬೆಲ್ಲದಲ್ಲಿ ತಗ್ಗಾಗಿ ಮೂಡಬೇಕೆಂದು ಬಯಸಿದರೆ ಮಾತ್ರ, ಅಕ್ಷರ ಕೊಯ್ದು ಉಳಿದ ಹಲಗೆಯನ್ನು ಅಂಟಿಸಿದ ಬಳಿಕ ಆ ಬಿಲ್ಲೆಯನ್ನು ಅದೇ ಜಾಗದಲ್ಲಿ ಮತ್ತೆ ಕೂರಿಸಬೇಕಾಗುತ್ತದೆ. ಸಾಸಿವೆಗಿಂತ ಸ್ವಲ್ಪ ದೊಡ್ಡದಾದ ಆ ಬಿಲ್ಲೆ ಲೇಸರ್ ಮೇಜಿನ ಜಾಲರಿಯೊಳಗೆ ಬಿದ್ದರೆ ಹುಡುಕುವುದು ಕಷ್ಟ, ಆದ್ದರಿಂದ ಹಲಗೆಯ ಕೆಳಗೆ ಕಾಗದದ ಟೇಪು ಅಂಟಿಸಿ ಕೊಯ್ಸಿ.

ಪ್ರಶ್ನೆ: ನಾನು ಪ್ರೌಢಶಾಲೆಯ ಸಮಾಜ ವಿಜ್ಞಾನದ ಶಿಕ್ಷಕಿ. ಮಕ್ಕಳಿಂದ ಚಾಮುಂಡಿ ಬೆಟ್ಟದ ಮಾದರಿಯನ್ನು ರಟ್ಟಿನ ಪದರಗಳಲ್ಲಿ ಮಾಡಿಸುವ ಆಸೆ. ಯಾವ ಪ್ರಮಾಣದಲ್ಲಿ ಮಾಡಬೇಕು, ರಟ್ಟು ಎಷ್ಟು ಬೇಕಾಗಬಹುದು? (ಮೈಸೂರು)

ಉತ್ತರ: ಬೆಟ್ಟದ ತುದಿ ಸಮುದ್ರ ಮಟ್ಟದಿಂದ ಸುಮಾರು 1,060 ಮೀಟರ್ ಎತ್ತರದಲ್ಲಿದೆ, ಸುತ್ತಣ ನೆಲ ಸುಮಾರು 760 ಮೀಟರ್ ಎಂದಿಟ್ಟುಕೊಂಡರೆ ನೀವು ತೋರಿಸಬೇಕಾದ ಏರು 300 ಮೀಟರ್. 1:10,000 ಪ್ರಮಾಣದಲ್ಲಿ ಅದು 30 ಮಿ.ಮೀ. ಆಗುತ್ತದೆ. 20 ಮೀಟರಿಗೊಂದು ಸಮೋನ್ನತಿ ರೇಖೆ (ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆ) ತೆಗೆದುಕೊಂಡರೆ ಪ್ರತಿ ಪದರಕ್ಕೆ 2 ಮಿ.ಮೀ. ರಟ್ಟು, ಒಟ್ಟು ಹದಿನೈದು ಪದರ. ಲೆಕ್ಕ ಅಚ್ಚುಕಟ್ಟಾಗಿ ಕೂರುತ್ತದೆ. ಮೂರು ಕಿಲೋಮೀಟರ್ ಅಗಲದ ನೆಲ 30 ಸೆಂ.ಮೀ. ಹಲಗೆಯೊಳಗೆ ಬರುತ್ತದೆ. ತರಗತಿಯ ಕೊನೆಯ ಬೆಂಚಿಗೂ ಬೆಟ್ಟ ಎದ್ದು ಕಾಣಬೇಕೆಂದರೆ ರಟ್ಟಿನ ಬದಲು 3 ಮಿ.ಮೀ. ಹಲಗೆ ಬಳಸಿ. ಆಗ ಎತ್ತರ 45 ಮಿ.ಮೀ. ಆಗಿ, ಲಂಬ ದಿಕ್ಕಿನಲ್ಲಿ ಒಂದೂವರೆ ಪಟ್ಟು ಹಿಗ್ಗುತ್ತದೆ. ಹಿಗ್ಗಿಸಿದ್ದೇವೆ ಎಂದು ಮಾದರಿಯ ಕೆಳಗೆ ಬರೆಯುವುದು ಭೂಗೋಳದ ಶಿಸ್ತು. ದೊಡ್ಡ ನಂದಿಯನ್ನೂ ಕೆತ್ತಿಸಬೇಕೆಂದು ಮಕ್ಕಳು ಹಟ ಹಿಡಿದರೆ, ಸುಮಾರು 16 ಅಡಿ ಎತ್ತರದ ನಂದಿ ಈ ಪ್ರಮಾಣದಲ್ಲಿ ಅರ್ಧ ಮಿಲಿಮೀಟರ್ ಆಗುತ್ತದೆಂದು ಅವರಿಂದಲೇ ಲೆಕ್ಕ ಮಾಡಿಸಿ. ಆ ಜಾಗಕ್ಕೊಂದು ಗುಂಡುಸೂಜಿ ಚುಚ್ಚಿದರೆ ಸಾಕು.

ರೇಖೆಗಳಿಗಾಗಿ 2000ನೇ ಇಸವಿಯಲ್ಲಿ ಅಮೆರಿಕದ ಬಾಹ್ಯಾಕಾಶ ಷಟಲ್ ರಡಾರ್‌ನಿಂದ ಅಳೆದ ಎತ್ತರದ ದತ್ತಾಂಶ ಉಚಿತವಾಗಿ ಸಿಗುತ್ತದೆ, ಅದರ ಚೌಕಗಳು ಸುಮಾರು 30 ಮೀಟರಿನವು. ಕ್ಯೂಜಿಐಎಸ್ ಎಂಬ ಉಚಿತ ತಂತ್ರಾಂಶಕ್ಕೆ ಅದನ್ನು ಕೊಟ್ಟರೆ ಸಮೋನ್ನತಿ ರೇಖೆಗಳನ್ನು ತಾನೇ ಎಳೆದುಕೊಡುತ್ತದೆ.

ರಟ್ಟಿನ ಪ್ರಮಾಣವನ್ನು ಕೇಳಿದ್ದೀರಿ. ಹದಿನೈದು ಪದರಕ್ಕೆ ಹದಿನೈದು ಹಾಳೆ ಬೇಕೆಂದೇನೂ ಇಲ್ಲ, ಎರಡೇ ಹಾಳೆಗಳಲ್ಲಿ ಮುಗಿಸುವ ಜಾಣತನವೊಂದಿದೆ. ಮೊದಲ ಹಾಳೆಯ ಮೇಲೆ ಬೆಸ ಸಂಖ್ಯೆಯ ರೇಖೆಗಳನ್ನು ಮಾತ್ರ, ಎರಡನೆಯದರ ಮೇಲೆ ಸಮ ಸಂಖ್ಯೆಯವನ್ನು ಮಾತ್ರ ಕೊಯ್ಸಿ. ಮೊದಲ ಹಾಳೆಯಿಂದ ಒಂದರಿಂದ ಮೂರರವರೆಗಿನ ಬಳೆ, ಮೂರರಿಂದ ಐದರವರೆಗಿನ ಬಳೆ ಹೀಗೆ ಬರುತ್ತವೆ. ಎರಡನೆಯದರಿಂದ ಎರಡರಿಂದ ನಾಲ್ಕರವರೆಗಿನ ಬಳೆ, ನಾಲ್ಕರಿಂದ ಆರರವರೆಗಿನದು. ಇವುಗಳನ್ನು ಒಂದು ಬಿಟ್ಟು ಒಂದರಂತೆ ಪೇರಿಸಿದಾಗ ಪ್ರತಿ ಬಳೆಯ ಒಳ ಅಂಚು ಮೇಲಿನ ಬಳೆಗೆ ಕೂರಲು ಜಾಗ ಕೊಡುತ್ತದೆ. ಬೆಟ್ಟ ಒಳಗೆ ಟೊಳ್ಳಾಗಿರುತ್ತದೆ, ಹೊರಗಿನಿಂದ ಯಾರಿಗೂ ತಿಳಿಯುವುದಿಲ್ಲ. ಕಡಿದಾದ ಕಡೆಗಳಲ್ಲಿ ಮಾತ್ರ ರೇಖೆಗಳು ಒತ್ತೊತ್ತಾಗಿ ಬಂದು ಬಳೆ ದಾರದಂತೆ ಸಣ್ಣದಾಗಬಹುದು. ಅಂಥ ಪದರಗಳನ್ನು ಬೇರೆ ರಟ್ಟಿನಲ್ಲಿ ಇಡಿಯಾಗಿ ಕೊಯ್ಸಿಕೊಳ್ಳಿ. ಪ್ರತಿ ಪದರದ ಮೇಲೂ ಅದರ ಮೇಲೆ ಬರುವ ಪದರದ ಹೊರಗೆರೆಯನ್ನು ಕಡಿಮೆ ಶಕ್ತಿಯ ಲೇಸರ್‌ನಿಂದ ಸುಮ್ಮನೆ ಗೀರಿಸಿದರೆ ಮಕ್ಕಳು ಜೋಡಿಸುವಾಗ ತಪ್ಪುವುದಿಲ್ಲ. ಪದರದ ಸಂಖ್ಯೆಯನ್ನೂ ಮರೆಯದೆ ಗೀರಿಸಿ, ಆದರೆ ಮೇಲಿನ ಪದರ ಮುಚ್ಚಿಕೊಳ್ಳುವ ಜಾಗದಲ್ಲಿ.

ಪ್ರಶ್ನೆ: ಪದರಗಳಿಂದ ಕಟ್ಟಡದ ಮಾದರಿ ಮಾಡಿಸಲು ಸನ್‌ಬೋರ್ಡ್ ಹಿಡಿದುಕೊಂಡು ಹೋದರೆ ಲೇಸರ್ ಅಂಗಡಿಯವರು ಮುಟ್ಟಲೂ ಒಪ್ಪಲಿಲ್ಲ. ಏಕೆ? (ಮೈಸೂರು)

ಉತ್ತರ: ಅವರು ಮಾಡಿದ್ದು ಸರಿ. ಆ ಹೆಸರಿನಲ್ಲಿ ಮಾರುವ ಬಿಳಿ ಫೋಮ್ ಹಲಗೆಗಳಲ್ಲಿ ಹಲವು ಪಿವಿಸಿಯವು. ಪಿವಿಸಿ ಸುಟ್ಟಾಗ ಹೊರಡುವ ಹೈಡ್ರೋಜನ್ ಕ್ಲೋರೈಡ್ ಅನಿಲ ಮನುಷ್ಯರ ಶ್ವಾಸಕ್ಕೂ ಕೆಡುಕು, ಯಂತ್ರದ ಕಬ್ಬಿಣದ ಹಳಿಗಳಿಗೂ ಮಸೂರಗಳಿಗೂ ಕೆಡುಕು. ಸಂಶಯವಿರುವ ಪ್ಲಾಸ್ಟಿಕ್ಕನ್ನು ಪರೀಕ್ಷಿಸಲು, ತಾಮ್ರದ ತಂತಿಯನ್ನು ಕೆಂಪಗೆ ಕಾಯಿಸಿ ಅದರ ಮೇಲೊತ್ತಿ, ಅಂಟಿಕೊಂಡ ಚೂರಿನೊಂದಿಗೆ ಮತ್ತೆ ಜ್ವಾಲೆಗೆ ಹಿಡಿದರೆ ಸಾಕು. ಜ್ವಾಲೆ ಹಸಿರಾದರೆ ಕ್ಲೋರಿನ್‌ನಂಥ ಅಂಶವಿದೆ ಎಂದರ್ಥ. ಇದನ್ನು ಗಾಳಿಯಾಡುವ ಕಡೆ, ಹಿರಿಯರ ಎದುರಿನಲ್ಲೇ ಮಾಡಿ. ರೆಕ್ಸಿನ್ ಬಟ್ಟೆಗೂ ಇದೇ ಮಾತು ಅನ್ವಯಿಸುತ್ತದೆ.

ಪ್ರಶ್ನೆ: ಮೇಟಗಳ್ಳಿಯಲ್ಲಿ ಲೋಹದ ಎರಕ ಹೊಯ್ಯುವ ಸಣ್ಣ ಫೌಂಡ್ರಿ ಇದೆ. ಮರಳಿನಲ್ಲಿ ಒತ್ತಿ ಅಚ್ಚು ತೆಗೆಯುವ ಮರದ ಮಾದರಿಯನ್ನು, ಅಂದರೆ ಪ್ಯಾಟರ್ನ್ ಮಾಡುವ ಕುಶಲಿಗಳು ಸಿಗುತ್ತಿಲ್ಲ. ಲೇಸರ್ ಪದರದ ಪ್ಯಾಟರ್ನ್ ಮರಳಿನ ಅಚ್ಚಿಗೆ ತಡೆಯುತ್ತದೆಯೇ? (ಮೈಸೂರು)

ಉತ್ತರ: ಹತ್ತಾರು ಎರಕಗಳಿಗೆ ತಡೆಯುತ್ತದೆ, ಸಾವಿರಕ್ಕಲ್ಲ. ಹೆಲಿಸಿಸ್ ಯಂತ್ರದ ಕಾಗದದ ಮಾದರಿಗಳು ಮರದಂತೆಯೇ ಇರುತ್ತಿದ್ದುದರಿಂದ ಅವುಗಳಿಗೆ ಸಿಕ್ಕ ಮುಖ್ಯ ಉಪಯೋಗಗಳಲ್ಲಿ ಫೌಂಡ್ರಿಯ ಪ್ಯಾಟರ್ನೂ ಒಂದು. ನೀವು ಮಾಡಬೇಕಾದ ಕೆಲಸ ಹೆಚ್ಚಾಗಿ ಅಂಚುಗಳಲ್ಲಿದೆ. ಲೇಸರ್ ಕೊಯ್ದ ಅಂಚಿನ ಮೇಲೆ ಕುಳಿತ ಮಸಿಯ ಮೇಲೆ ಅಂಟಾಗಲಿ ಬಣ್ಣವಾಗಲಿ ಸರಿಯಾಗಿ ಹಿಡಿಯುವುದಿಲ್ಲ, ಅದನ್ನು ಉಜ್ಜಿ ತೆಗೆಯಬೇಕು. ಪದರಗಳ ಮೆಟ್ಟಿಲುಗಳು ಮರಳನ್ನು ಕಚ್ಚಿ ಹಿಡಿದು ಪ್ಯಾಟರ್ನ್ ಎತ್ತುವಾಗ ಅಂಚು ಉದುರಿಸುತ್ತವೆ. ಮೆಟ್ಟಿಲಿನ ಮೂಲೆಗಳಿಗೆ ಎನ್‌ಸಿ ಪುಟ್ಟಿ (ತಗ್ಗು ತುಂಬುವ ಲೇಪ) ತುಂಬಿ, ಉಜ್ಜಿ, ಒಂದೆರಡು ಡಿಗ್ರಿ ಓರೆ ಬರುವಂತೆ ಮಾಡಿ, ಮೇಲೆ ಪೇಂಟು ಹೊಡೆಯಿರಿ. ಹಸಿ ಮರಳಿನ ತೇವ ಎಂಡಿಎಫ್‌ನ ಕೊಯ್ದ ಅಂಚಿನಿಂದಲೇ ಮೊದಲು ಒಳಗಿಳಿಯುವುದರಿಂದ ಅಲ್ಲಿ ಎರಡು ಬಾರಿ ಹೊಡೆದರೆ ನಷ್ಟವಿಲ್ಲ.

ಎರಕ ತಣಿಯುವಾಗಿನ ಕುಗ್ಗುವಿಕೆಗೆ ಬಿಡುವ ಅಳತೆಯಲ್ಲಿ ಹೊಸಬರು ಎಡವುವ ಜಾಗವೊಂದಿದೆ. ಎರಕದ ಕಬ್ಬಿಣ ಸುಮಾರು ಶೇಕಡ 1ರಷ್ಟು, ಅಲ್ಯೂಮಿನಿಯಂ ಸುಮಾರು ಶೇಕಡ 1.3ರಷ್ಟು ಕುಗ್ಗುತ್ತದೆ; 300 ಮಿ.ಮೀ. ಕಬ್ಬಿಣದ ಭಾಗಕ್ಕೆ ಪ್ಯಾಟರ್ನ್ 303 ಮಿ.ಮೀ. ಇರಬೇಕೆಂಬುದು ನಿಮಗೆ ಗೊತ್ತೇ ಇದೆ. ಆದರೆ ಪದರಗಳಾಗಿ ಸೀಳಿದ ಮೇಲೆ ಡಿಎಕ್ಸ್‌ಎಫ್ ಚಿತ್ರವನ್ನು ಅಂಗಡಿಯಲ್ಲಿ ಶೇಕಡ 1ರಷ್ಟು ಹಿಗ್ಗಿಸಿದರೆ ಉದ್ದ, ಅಗಲ ಮಾತ್ರ ಹಿಗ್ಗುತ್ತವೆ. ಎತ್ತರವನ್ನು ನಿರ್ಧರಿಸುವುದು ಹಲಗೆಯ ದಪ್ಪ, ಅದು ಹಿಗ್ಗುವುದಿಲ್ಲ. ಆದ್ದರಿಂದ ಪೂರ್ಣ ವಿನ್ಯಾಸವನ್ನು ಮೊದಲು ಮೂರೂ ದಿಕ್ಕಿಗೆ ಹಿಗ್ಗಿಸಿ, ಆನಂತರ ಸೀಳಬೇಕು.

ಪ್ರಶ್ನೆ: ಅಂಟಿಸಿದ ಮರುದಿನ ರಟ್ಟಿನ ಮಾದರಿ ದೋಣಿಯಂತೆ ಬಾಗಿದೆ. ಪರಿಹಾರವೇನು? (ಶ್ರೀರಂಗಪಟ್ಟಣ)

ಉತ್ತರ: ನೀರು ಬೆರೆತ ಅಂಟನ್ನು ಧಾರಾಳವಾಗಿ ಹಚ್ಚಿದ್ದೀರಿ. ಫೆವಿಕಾಲ್‌ನ ನೀರನ್ನು ರಟ್ಟು ಒಂದು ಮೈಯಿಂದ ಮಾತ್ರ ಹೀರಿ ಹಿಗ್ಗುತ್ತದೆ. ಅಂಟನ್ನು ಹಳೆಯ ಎಟಿಎಂ ಕಾರ್ಡಿನಂಥ ಗಟ್ಟಿ ತುಂಡಿನಿಂದ ತೆಳುವಾಗಿ ಎಳೆದು, ಮೂರು ನಾಲ್ಕು ಪದರಗಳಿಗೊಮ್ಮೆ ನಿಲ್ಲಿಸಿ, ಮೇಲೊಂದು ಚಪ್ಪಟೆ ಹಲಗೆಯಿಟ್ಟು ಅದರ ಮೇಲೆ ತೂಕ ಹೇರಿ ರಾತ್ರಿಯಿಡೀ ಬಿಡಿ. ತೂಕವನ್ನು ನೇರವಾಗಿ ರಟ್ಟಿನ ಮೇಲಿಟ್ಟರೆ ಇಟ್ಟಿಗೆಯ ಗುರುತು ಉಳಿಯುತ್ತದೆ. ತೆಳು ರಟ್ಟಿಗೆ ಸ್ಪ್ರೇ ಅಂಟು ಅನುಕೂಲ, ಅದರಲ್ಲಿ ನೀರಿಲ್ಲ. ಆದರೆ ಒಮ್ಮೆ ತಗುಲಿದ ಮೇಲೆ ಪದರವನ್ನು ಸರಿಸಲಾಗುವುದಿಲ್ಲವಾದ್ದರಿಂದ, ಎಲ್ಲ ಪದರಗಳಲ್ಲೂ ಒಂದೇ ಜಾಗದಲ್ಲಿ ಎರಡು ರಂಧ್ರಗಳನ್ನು ಕೊಯ್ಸಿ, ಕಡ್ಡಿಗಳನ್ನು ನಿಲ್ಲಿಸಿ, ಅವುಗಳ ಮೇಲಿಂದ ಪದರಗಳನ್ನು ಇಳಿಬಿಡುವುದು ಕ್ಷೇಮ. ಮಳೆಗಾಲದಲ್ಲಿ ತಂದ ರಟ್ಟನ್ನು ಕೊಯ್ಸುವ ಮೊದಲು ಎರಡು ದಿನ ಮನೆಯೊಳಗೆ ಚಪ್ಪಟೆಯಾಗಿ ಮಲಗಿಸಿಡಿ, ಗೋಡೆಗೆ ಒರಗಿಸಬೇಡಿ.